ಕ್ಯಾಂಪಸ್ಸಿನ ಬಾಹ್ಯಾಕಾಶ ನೌಕೆ ಸಿಮ್ಯುಲೇಟರ್ ತಂಡ ಸೇರುವುದು ಹೇಗೆ: ಮೊದಲ ಪ್ಯಾನೆಲ್ಲಿನಿಂದ ಕನ್ಸೋಲಿನ ಕುರ್ಚಿಯವರೆಗೆ

ವಿದ್ಯಾರ್ಥಿಗಳೇ ಕಟ್ಟಿ ವಿದ್ಯಾರ್ಥಿಗಳೇ ನಡೆಸುವ ಸಿಮ್ಯುಲೇಟರ್ ನೋಡಲು ಬಂದವರ ಕಣ್ಣಿಗೆ ಮೊದಲು ಬೀಳುವುದು ಪ್ಲೈವುಡ್ಡಿನ ಕ್ಯಾಪ್ಸೂಲ್, ಅದರೊಳಗಿನ ಸಾಲು ಸಾಲು ಸ್ವಿಚ್ಚು. ಕೆಲಸ ನಡೆಯುವುದು ಮಾತ್ರ ಮೂರು ಕಡೆ. ಕ್ಯಾಪ್ಸೂಲಿನಲ್ಲಿ ಇಬ್ಬರೋ ಮೂವರೋ ಯಾನಿಗಳು ಕೂರುತ್ತಾರೆ. ಪಕ್ಕದ ಕೋಣೆಯ ಕಂಟ್ರೋಲ್ ರೂಮಿನಲ್ಲಿ ಐದಾರು ಮಂದಿ ಕನ್ಸೋಲುಗಳ, ಅಂದರೆ ಪರದೆಯಿರುವ ನಿಯಂತ್ರಣ ಮೇಜುಗಳ ಮುಂದೆ ಕೂತು, ಯಾನಿಗಳ ಮುಖ ಕಾಣದೆಯೇ, ಹೆಡ್‌ಸೆಟ್ಟಿನ ಮಾತು ಮತ್ತು ಪರದೆಯ ಅಂಕಿ ಇವೆರಡನ್ನೇ ನಂಬಿ ನೌಕೆ ನಡೆಸುತ್ತಾರೆ. ಮೂರನೆಯದು ತರಬೇತುದಾರರ ಮೇಜು. ಅಲ್ಲಿ ಕೂತವರು ಬೇಕೆಂದೇ ಪಂಪು ನಿಲ್ಲಿಸುತ್ತಾರೆ, ಸಂಪರ್ಕ ಕಡಿಯುತ್ತಾರೆ, ಆಮೇಲೆ ಉಳಿದವರು ಏನು ಮಾಡುತ್ತಾರೆ ಎಂದು ಬರೆದಿಡುತ್ತಾರೆ. ಯಕ್ಷಗಾನ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಕಾಣುವುದು ಮುಮ್ಮೇಳ, ಆಟ ಹಿಡಿದು ನಡೆಸುವುದು ಹಿಮ್ಮೇಳ.

ಈ ಮಾರ್ಗದರ್ಶಿ ಕಾರವಾರ, ಕುಮಟಾ, ಭಟ್ಕಳ, ಶಿರಸಿ, ಹಳಿಯಾಳ ಕಡೆಯ ಕಾಲೇಜುಗಳಲ್ಲಿ ಓದುತ್ತ ಇಂಥ ತಂಡಕ್ಕೆ ಸೇರಬೇಕೆಂದಿರುವ ಮೊದಲ ಮತ್ತು ಎರಡನೇ ವರ್ಷದವರಿಗಾಗಿ. ಎಂಜಿನಿಯರಿಂಗ್ ಓದುತ್ತಿರಬೇಕು ಎಂದೇನೂ ಇಲ್ಲ. ಒಂದು ವಿಷಯವನ್ನು ಮಾತ್ರ ಆರಂಭದಲ್ಲೇ ಮನಸ್ಸಿನಲ್ಲಿಟ್ಟುಕೊಳ್ಳಿ: ಇಂಥ ಯೋಜನೆಗಳಲ್ಲಿ ತೊಂದರೆ ಹುಟ್ಟುವುದು ಹೆಚ್ಚಾಗಿ ಎರಡು ವಿಭಾಗಗಳು ಕೂಡುವ ಗಡಿಯಲ್ಲಿ. ಎಲೆಕ್ಟ್ರಾನಿಕ್ಸಿನವರ ತಂತಿ ಸರಿ ಇರುತ್ತದೆ, ಕಂಪ್ಯೂಟರ್ ಸೈನ್ಸಿನವರ ಪ್ರೋಗ್ರಾಮೂ ಸರಿ ಇರುತ್ತದೆ, ಎರಡನ್ನೂ ಜೋಡಿಸಿದರೆ ಕೆಲಸ ಮಾಡುವುದಿಲ್ಲ. ಆ ಗಡಿಯಲ್ಲಿ ನಿಂತು ಕೆಲಸ ಮಾಡುವ ಹೊಸಬರು ಒಂದೇ ಸೆಮಿಸ್ಟರಿನಲ್ಲಿ ತಂಡಕ್ಕೆ ಬೇಕಾದವರಾಗುತ್ತಾರೆ.

ಯಾವ ಕೆಲಸಕ್ಕೆ ಹೋಗಬೇಕು

ಮೆಕ್ಯಾನಿಕಲ್ ಮತ್ತು ಸಿವಿಲ್‌ನವರು ಕ್ಯಾಪ್ಸೂಲಿನ ಚೌಕಟ್ಟು, ಕುರ್ಚಿ, ಗಾಳಿ ವ್ಯವಸ್ಥೆಗೆ ಹೋಗುತ್ತಾರೆ, ಎಲೆಕ್ಟ್ರಾನಿಕ್ಸಿನವರು ಪ್ಯಾನೆಲ್ಲಿಗೆ (ಸ್ವಿಚ್ಚು, ದೀಪ ಕೂರಿಸಿದ ಫಲಕ), ಕಂಪ್ಯೂಟರ್ ಸೈನ್ಸಿನವರು ಟೆಲಿಮೆಟ್ರಿ (ನೌಕೆಯಿಂದ ಕಂಟ್ರೋಲ್ ರೂಮಿಗೆ ಬರುವ ಅಂಕಿಗಳು) ಮತ್ತು ಪರದೆಗಳಿಗೆ. ಇದು ಎಲ್ಲರಿಗೂ ಹೊಳೆಯುವ ಹಂಚಿಕೆ. ಹೊಳೆಯದ ಕೆಲಸಗಳಿಗೇ ಜನ ಸಿಗುವುದಿಲ್ಲ. ಭೌತಶಾಸ್ತ್ರದ ಬಿ.ಎಸ್ಸಿ.ಯವರು ಕಕ್ಷೆಯ ಲೆಕ್ಕ ಹಿಡಿದರೆ ಎಂಜಿನಿಯರಿಂಗಿನವರಿಗಿಂತ ಗಟ್ಟಿಯಾಗಿ ನಿಲ್ಲುತ್ತಾರೆ. ಕಾರವಾರದಲ್ಲಿ ವೈದ್ಯಕೀಯ ಕಾಲೇಜಿದೆ. ಅಲ್ಲಿಯವರು ಯಾನಿಗಳ ನಾಡಿಬಡಿತ, ಕ್ಯಾಪ್ಸೂಲಿನ ಗಾಳಿ, ಬಿಸಿಲ ಸೆಕೆಯಲ್ಲಿ ಎಷ್ಟು ಹೊತ್ತು ಕೂರಿಸಬಹುದು ಎಂಬುದನ್ನು ನೋಡಿಕೊಳ್ಳಬಹುದು. ಕೋಡಿಬಾಗದ ಸಾಗರ ಜೀವವಿಜ್ಞಾನ ವಿಭಾಗದವರಿಗೆ ಉಪಕರಣ ಓದಿ, ಹೊತ್ತು ಹಾಕಿ, ಸಾಲು ತಪ್ಪದೆ ದಾಖಲಿಸುವುದು ಓದಿನಲ್ಲೇ ಬಂದಿರುತ್ತದೆ, ಕನ್ಸೋಲಿಗೆ ಬೇಕಾದದ್ದೂ ಅದೇ. ಬಿ.ಕಾಂ.ನವರು ಖರೀದಿ, ಬಿಲ್ಲು, ದಾಸ್ತಾನು ಹಿಡಿದರೆ ತಂಡದ ಅರ್ಧ ತಲೆನೋವು ಇಳಿಯುತ್ತದೆ.

ಇನ್ನೊಂದು ಕೆಲಸ ಕನ್ನಡ ಚೆನ್ನಾಗಿ ಬಲ್ಲವರಿಗೇ ಮೀಸಲು: ಕಾರ್ಯವಿಧಾನದ ಪುಸ್ತಕ ಬರೆಯುವುದು. ಯಾನಿಗಳು ಸ್ವಿಚ್ ಮುಟ್ಟುವುದು ಅದನ್ನು ನೋಡಿಯೇ. ಒಂದು ಸಾಲಿನಲ್ಲಿ ಒಂದೇ ಕೆಲಸ, ಅದರ ಬೆನ್ನಿಗೇ ಒಂದು ಪರೀಕ್ಷೆ, ಪರೀಕ್ಷೆ ಸೋತರೆ ಎಲ್ಲಿಗೆ ಹೋಗಬೇಕು ಎಂಬ ದಾರಿ. ಹೀಗಿರಬೇಕು:

ಹಂತ 4: ಕ್ಯಾಬಿನ್ ಫ್ಯಾನ್ 2 ಆನ್ ಮಾಡಿ. ಹಸಿರು ದೀಪ ನೋಡಿ. 5 ಸೆಕೆಂಡಿನಲ್ಲಿ ಹತ್ತದಿದ್ದರೆ ಆಫ್ ಮಾಡಿ, ಪುಟ 11ಕ್ಕೆ ಹೋಗಿ.

"ಫ್ಯಾನ್ ಚಾಲನೆಗೊಳಿಸಿ ಸಮರ್ಪಕವಾಗಿ ಕಾರ್ಯನಿರ್ವಹಿಸುತ್ತಿರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು" ಎಂದು ಬರೆದರೆ ಓದುವವರಿಗೆ ಏನನ್ನು ನೋಡಬೇಕು, ಎಷ್ಟು ಹೊತ್ತು ಕಾಯಬೇಕು ಎರಡೂ ತಿಳಿಯುವುದಿಲ್ಲ. ಸರ್ಕಾರಿ ಸುತ್ತೋಲೆಯ ಕನ್ನಡಕ್ಕೆ ಕ್ಯಾಪ್ಸೂಲಿನಲ್ಲಿ ಜಾಗವಿಲ್ಲ.

ಸೇರುವ ಮೊದಲಿನ ಎರಡು ವಾರ

ಮೊದಲು ಕಂಪ್ಯೂಟರಿನಲ್ಲಿ ಹಾರಿ. ಆರ್ಬಿಟರ್ ಎಂಬ ಸಿಮ್ಯುಲೇಟರ್ ಉಚಿತ. ಅದರ ಮೂಲ ಸಂಕೇತವನ್ನೂ (ಸೋರ್ಸ್ ಕೋಡ್) 2021ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ವಿಂಡೋಸ್ ಲ್ಯಾಪ್‌ಟಾಪ್ ಸಾಕು. ಆದರೆ ನೌಕೆ ತಿರುಗಿಸಲು ಅದು ಕೀಬೋರ್ಡಿನ ಬಲಗಡೆಯ ಅಂಕಿಗಳ ಭಾಗವನ್ನು ಬಳಸುತ್ತದೆ, ಸಣ್ಣ ಲ್ಯಾಪ್‌ಟಾಪುಗಳಲ್ಲಿ ಆ ಭಾಗವೇ ಇರುವುದಿಲ್ಲ. ಹೊರಗಿನದೊಂದು ಯುಎಸ್‌ಬಿ ಕೀಬೋರ್ಡ್ ಹೊಂದಿಸಿಕೊಳ್ಳದೆ ಕೂತರೆ ಮೊದಲ ದಿನವೇ ಬೇಸರ ಬಂದು ಬಿಟ್ಟುಬಿಡುತ್ತೀರಿ.

ಆಟದಂತೆ ಹಾರಬೇಡಿ, ಕೈಯಲ್ಲಿ ಕಾಗದ ಇರಲಿ. 400 ಕಿಲೋಮೀಟರ್ ಎತ್ತರದ ದುಂಡು ಕಕ್ಷೆಯನ್ನು ಗುರಿಯಾಗಿಟ್ಟುಕೊಳ್ಳಿ. ಗಗನಯಾನ ಯೋಜನೆಗೆ ಇಸ್ರೋ ಹೇಳಿರುವ ಎತ್ತರವೂ ಇದೇ. ಭೂಮಿಯ ಗುರುತ್ವ ಸ್ಥಿರಾಂಕ 398600 (ಕಿ.ಮೀ.³/ಸೆ.²), ಕಕ್ಷೆಯ ತ್ರಿಜ್ಯ, ಅಂದರೆ ಭೂಮಿಯ ತ್ರಿಜ್ಯ 6378ಕ್ಕೆ 400 ಸೇರಿಸಿ, 6778 ಕಿ.ಮೀ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ವರ್ಗಮೂಲ ತೆಗೆಯಿರಿ, ವೇಗ ಸೆಕೆಂಡಿಗೆ 7.67 ಕಿ.ಮೀ. ಬರುತ್ತದೆ. ಒಂದು ಸುತ್ತಿಗೆ ಸುಮಾರು 92.6 ನಿಮಿಷ. ಪರದೆಯಲ್ಲೂ ಅದೇ ಅಂಕಿ ಕಾಣಬೇಕು. ಇನ್ನು ಕೆಳಗಿಳಿಯುವ ಲೆಕ್ಕ: ಕಕ್ಷೆಯ ಇನ್ನೊಂದು ತುದಿಯನ್ನು 60 ಕಿ.ಮೀ.ಗೆ ಇಳಿಸಿ ವಾತಾವರಣಕ್ಕೆ ತಾಗಿಸಲು ವೇಗವನ್ನು ಸೆಕೆಂಡಿಗೆ ಸುಮಾರು 100 ಮೀಟರಿನಷ್ಟು ಕಡಿಮೆ ಮಾಡಿದರೆ ಸಾಕು. ಕಾಗದದಲ್ಲಿ ಮಾಡಿ, ಆಮೇಲೆ ಹಾರಿ ನೋಡಿ.

ಇಲ್ಲಿ ಬಹುತೇಕ ಎಲ್ಲರೂ ಮಾಡುವ ತಪ್ಪು ಎರಡು. ಎಂಜಿನ್ ಉರಿಸಿದರೆ ತಾವಿರುವ ಜಾಗದ ಎತ್ತರ ಬದಲಾಗುತ್ತದೆ ಎಂದುಕೊಳ್ಳುವುದು ಮೊದಲನೆಯದು. ಬದಲಾಗುವುದು ಕಕ್ಷೆಯ ಎದುರು ತುದಿಯ ಎತ್ತರ. ಮುಂದಿರುವ ಬಾಹ್ಯಾಕಾಶ ನಿಲ್ದಾಣವನ್ನು ಹಿಡಿಯಲು ವೇಗ ಹೆಚ್ಚಿಸುವುದು ಎರಡನೆಯದು. ವೇಗ ಹೆಚ್ಚಿಸಿದರೆ ಕಕ್ಷೆ ದೊಡ್ಡದಾಗಿ ಸುತ್ತು ಉದ್ದವಾಗುತ್ತದೆ, ನೀವು ಹಿಂದೆ ಬೀಳುತ್ತೀರಿ. ಹಿಡಿಯಬೇಕೆಂದರೆ ಕೆಳಗಿಳಿಯಬೇಕು. ಈ ಎರಡು ಸಂಗತಿ ನಿಮಗೆ ಕೈಯಿಂದ ಗೊತ್ತಿದ್ದರೆ ಕಂಟ್ರೋಲ್ ರೂಮಿನ ಅರ್ಧ ಮಾತು ಅರ್ಥವಾಗುತ್ತದೆ.

ಬಿಡುವಿದ್ದ ದಿನ ಕಾರವಾರದ ಟಾಗೋರ್ ಕಡಲತೀರದ ಚಾಪೆಲ್ ಯುದ್ಧನೌಕೆ ವಸ್ತುಸಂಗ್ರಹಾಲಯಕ್ಕೆ ಹೋಗಿ. 1976ರಲ್ಲಿ ನೌಕಾಪಡೆ ಸೇರಿ 2005ರಲ್ಲಿ ನಿವೃತ್ತವಾದ ಕ್ಷಿಪಣಿ ದೋಣಿ ಅದು. ಫೋಟೋಕ್ಕಾಗಿ ಹೋಗಬೇಡಿ. ಇಕ್ಕಟ್ಟಿನಲ್ಲಿ ಹಿಡಿಕೆ ಎಲ್ಲಿಟ್ಟಿದ್ದಾರೆ, ತಲೆ ಎಲ್ಲಿ ಬಡಿಯುತ್ತದೆ, ಏಣಿ ಎಷ್ಟು ಕಡಿದು, ಒಬ್ಬರು ಕೂತಿದ್ದಾಗ ಇನ್ನೊಬ್ಬರು ದಾಟಲು ಎಷ್ಟು ಜಾಗ ಬೇಕು, ಇವನ್ನೆಲ್ಲ ನೋಡಿ ಬನ್ನಿ. ಕ್ಯಾಪ್ಸೂಲ್ ಕಟ್ಟುವಾಗ ಇವೇ ಪ್ರಶ್ನೆಗಳು ಮತ್ತೆ ಎದುರಾಗುತ್ತವೆ.

ತಂಡವನ್ನು ಕೇಳುವುದು

"ನನಗೆ ಬಾಹ್ಯಾಕಾಶ ಎಂದರೆ ತುಂಬ ಆಸಕ್ತಿ, ಅವಕಾಶ ಕೊಡಿ" ಎಂಬ ಸಂದೇಶ ಪ್ರತಿ ವರ್ಷವೂ ರಾಶಿ ಬರುತ್ತದೆ. ಸಿಮ್ಯುಲೇಷನ್ ನಡೆಯುವ ಒಂದು ದಿನ ಹಿಂದೆ ನಿಂತು ನೋಡಲು ಅನುಮತಿ ಕೇಳಿ, ಕಂಡದ್ದನ್ನು ಹಿಡಿದು ಬರೆಯಿರಿ: "ಅಕ್ಕ, ಶನಿವಾರದ ಅಭ್ಯಾಸ ನೋಡಿದೆ. ಎಡಗಡೆ ಪ್ಯಾನೆಲ್ಲಿನ ಮೂರು ಲೇಬಲ್ ಕಿತ್ತುಹೋಗಿವೆ, ಯಾನಿಗಳು ಎರಡು ಸಲ ತಪ್ಪು ಸ್ವಿಚ್ ಮುಟ್ಟಿದರು. ಬುಧವಾರ, ಶನಿವಾರ ಸೇರಿ ವಾರಕ್ಕೆ 6 ಗಂಟೆ ಕೊಡಬಲ್ಲೆ. ಆ ಲೇಬಲ್ ನಾನು ಮಾಡಿಕೊಡಲೇ?" ಇಂಥದಕ್ಕೆ ಉತ್ತರ ಬರದೇ ಇರುವುದಿಲ್ಲ.

ಗಂಟೆಗಳ ವಿಷಯದಲ್ಲಿ ಸುಳ್ಳು ಹೇಳಬೇಡಿ. ಇಂಟರ್ನಲ್ಸ್ ಇರುವ ವಾರ ಸೊನ್ನೆ ಎಂದು ಮೊದಲೇ ಹೇಳಿಬಿಡಿ. ಊರಿನಿಂದ ಓಡಾಡುವವರು ಕೊನೆಯ ಬಸ್ಸಿನ ಹೊತ್ತನ್ನೂ ತಿಳಿಸಬೇಕು. ಸಿಮ್ಯುಲೇಷನ್ ನಡುವೆ ಒಬ್ಬರು ಎದ್ದು ಹೋದರೆ ಆ ದಿನದ ಅಭ್ಯಾಸವೇ ಕೆಟ್ಟಂತೆ. ಹೊತ್ತು ಗೊತ್ತಿದ್ದರೆ ಅದಕ್ಕೆ ತಕ್ಕಂತೆ ಪಾತ್ರ ಕೊಡಬಹುದು. ಸಂಜೆ ತಡವಾಗುವ ದಿನಗಳಿಗೆ ಪ್ರಾಧ್ಯಾಪಕರ ಲಿಖಿತ ಒಪ್ಪಿಗೆ ಇರಲಿ.

ಮೊದಲ ತಿಂಗಳ ಕೆಲಸ: ಒಂದು ಪ್ಯಾನೆಲ್, ಮೊದಲಿನಿಂದ ಕೊನೆಯವರೆಗೆ

ಯಾವ ವಿಭಾಗದವರಾದರೂ ಸರಿ, ಸ್ವಂತ ಕೈಯಿಂದ ಒಂದು ಸಣ್ಣ ಪ್ಯಾನೆಲ್ ಮಾಡಿ ಮುಗಿಸಿ. ಲೋಹ, ತಂತಿ, ಪ್ರೋಗ್ರಾಮ್, ಲೇಬಲ್, ಕಾರ್ಯವಿಧಾನ ಎಲ್ಲವೂ ಒಮ್ಮೆ ಕೈಗೆ ಬರುವುದು ಇದರಲ್ಲಿ ಮಾತ್ರ. ಬೇಕಾದವು:

- 2 ಮಿ.ಮೀ. ಅಲ್ಯೂಮಿನಿಯಂ ತಗಡು ಅಥವಾ 3 ಮಿ.ಮೀ. ಅಕ್ರಿಲಿಕ್, 300 × 200 ಮಿ.ಮೀ.
- ಎರಡು ಸ್ಥಾನದ ಸಣ್ಣ ಟಾಗಲ್ ಸ್ವಿಚ್ 12 (ಕೊಳ್ಳುವುದು 15)
- 5 ಮಿ.ಮೀ. ಎಲ್‌ಇಡಿ 8, ಅದರ ಹಿಡಿಕೆ 8, 330 ಓಮ್ ರೆಸಿಸ್ಟರ್ 8
- ಆರ್ಡುಯಿನೋ ಮೆಗಾ ಬೋರ್ಡ್ (ಸ್ವಿಚ್ ಓದಿ ದೀಪ ಹತ್ತಿಸುವ ಸಣ್ಣ ಕಂಪ್ಯೂಟರ್ ಬೋರ್ಡ್) 1
- ಸ್ಕ್ರೂ ಟರ್ಮಿನಲ್ ಪಟ್ಟಿ, ಐದು ಬಣ್ಣದ ಹುಕ್‌ಅಪ್ ವೈರ್, ಹೀಟ್ ಶ್ರಿಂಕ್ ಕೊಳವೆ
- 3 ಮೀಟರಿನ ಒಳ್ಳೆಯ ಯುಎಸ್‌ಬಿ ಕೇಬಲ್

ಬಿಡಿಭಾಗ ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಬರಬೇಕು, ಮಳೆಗಾಲದಲ್ಲಿ ಘಟ್ಟದ ರಸ್ತೆ ಬಂದ್ ಆದರೆ ಕೊರಿಯರ್ ಎಲ್ಲೋ ಕೂತುಬಿಡುತ್ತದೆ. ಹಾಗಾಗಿ ಯಾವುದನ್ನೂ ಎಣಿಸಿದಷ್ಟೇ ತರಿಸಬೇಡಿ.

ಸ್ವಿಚ್ಚುಗಳ ನಡುವೆ ಕೇಂದ್ರದಿಂದ ಕೇಂದ್ರಕ್ಕೆ 25 ಮಿ.ಮೀ. ಬಿಡಿ, ಯಾನಿಗಳು ಕೈಗವಸು ಹಾಕುವುದಾದರೆ 40. ಮೊದಲು ರಟ್ಟಿನ ಮೇಲೆ ಗುರುತು ಹಾಕಿ, ಕ್ಯಾಪ್ಸೂಲಿನ ಕುರ್ಚಿಯಲ್ಲಿ ಕೂತು ಕೈ ತಲಪುತ್ತದೋ ನೋಡಿ, ಆಮೇಲೆ ಡ್ರಿಲ್ ಹಿಡಿಯಿರಿ. ಸಣ್ಣ ಟಾಗಲ್ಲಿಗೆ 6 ಮಿ.ಮೀ. ತೂತು ಬೇಕು. ನೇರವಾಗಿ 6ರ ಬಿಟ್ ಇಟ್ಟರೆ ತಗಡಿನ ಮೇಲೆ ಅದು ಜಾರುತ್ತದೆ. ಪಂಚ್ ಹೊಡೆದು, 3ರ ಬಿಟ್ಟಿನಿಂದ ಶುರುಮಾಡಿ.

12 ಸ್ವಿಚ್, 8 ದೀಪ ಸೇರಿ 20 ಪಿನ್. ಮೆಗಾದಲ್ಲಿ 54 ಡಿಜಿಟಲ್ ಪಿನ್ ಇರುವುದರಿಂದ ಜಾಣತನದ ಜೋಡಣೆ ಯಾವುದೂ ಬೇಡ, ಒಂದಕ್ಕೊಂದು ಪಿನ್ ಕೊಡಿ. 0 ಮತ್ತು 1ನೇ ಪಿನ್ ಕಂಪ್ಯೂಟರಿನೊಡನೆ ಮಾತಾಡಲು ಬೇಕು, 13ರಲ್ಲಿ ಬೋರ್ಡಿನದೇ ದೀಪ ಇದೆ. ಈ ಮೂರನ್ನು ಬಿಟ್ಟುಬಿಡಿ. ಸ್ವಿಚ್ಚಿನ ಒಂದು ಕಾಲು ಪಿನ್ನಿಗೆ, ಇನ್ನೊಂದು ಗ್ರೌಂಡಿಗೆ; ಬೋರ್ಡಿನ ಒಳಗಿನ ಪುಲ್‌ಅಪ್ ರೆಸಿಸ್ಟರನ್ನು (ಸ್ವಿಚ್ ತೆರೆದಿದ್ದಾಗ ಪಿನ್ನನ್ನು 5 ವೋಲ್ಟಿನಲ್ಲಿ ಹಿಡಿದಿಡುವಂಥದು) ಪ್ರೋಗ್ರಾಮಿನಲ್ಲಿ ಆನ್ ಮಾಡಿ. ಇದನ್ನು ಮರೆತರೆ ಪಿನ್ ಗಾಳಿಯಲ್ಲಿ ತೇಲುತ್ತದೆ, ಯಾರೋ ಹತ್ತಿರ ಕೈ ತಂದರೂ ಸ್ವಿಚ್ ಹಾಕಿದಂತೆ ಓದುತ್ತದೆ. ಪಿನ್ನಿನ 5 ವೋಲ್ಟಿನಲ್ಲಿ ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತಿನ್ನುತ್ತದೆ. ಉಳಿದ 3 ವೋಲ್ಟನ್ನು 330 ಓಮಿನಿಂದ ಭಾಗಿಸಿದರೆ 9 ಮಿಲಿಆಂಪಿಯರ್. ಒಂದು ಪಿನ್ 20 ಮಿಲಿಆಂಪಿಯರ್ ಧಾರಾಳವಾಗಿ ಕೊಡುತ್ತದೆ, ಎಂಟೂ ಒಟ್ಟಿಗೆ ಹತ್ತಿದರೂ 72. ರೆಸಿಸ್ಟರ್ ಇಲ್ಲದೆ ನೇರ ಹಾಕಿದರೆ ಆ ಹೊತ್ತಿಗೆ ಹತ್ತುತ್ತದೆ, ಆದರೆ ದೀಪ ಅಥವಾ ಪಿನ್ ಎರಡರಲ್ಲೊಂದು ಆಯಸ್ಸು ಕಳೆದುಕೊಳ್ಳುತ್ತದೆ.

ಸ್ವಿಚ್ ಹಾಕಿದಾಗ ಒಳಗಿನ ಲೋಹ ಕೆಲವು ಮಿಲಿಸೆಕೆಂಡ್ ಕುಣಿಯುತ್ತದೆ. ಒಂದು ಸಲ ಹಾಕಿದ್ದನ್ನು ಕಂಪ್ಯೂಟರ್ ಐದು ಸಲ ಎಂದು ಎಣಿಸಿಬಿಡಬಹುದು. ಸ್ಥಿತಿ 20 ಮಿಲಿಸೆಕೆಂಡ್ ಅಲುಗದೆ ನಿಂತಮೇಲೆ ಮಾತ್ರ ಬದಲಾವಣೆ ಎಂದು ಒಪ್ಪಿಕೊಳ್ಳುವಂತೆ ಬರೆಯಿರಿ. ಕಂಪ್ಯೂಟರಿಗೆ ಕಳಿಸುವ ಪ್ರತಿ ಸಾಲಿನಲ್ಲಿ ಪ್ಯಾನೆಲ್ಲಿನ ಹೆಸರು, ಸ್ವಿಚ್ಚಿನ ಸಂಖ್ಯೆ, ಸ್ಥಿತಿ ಇರಲಿ. ಜೊತೆಗೆ ಸೆಕೆಂಡಿಗೊಮ್ಮೆ ಹನ್ನೆರಡೂ ಸ್ವಿಚ್ಚುಗಳ ಸ್ಥಿತಿಯನ್ನು ಇಡಿಯಾಗಿ ಕಳಿಸಿ. ಆ ಸಾಲು ಮೂರು ಸೆಕೆಂಡ್ ಬಾರದಿದ್ದರೆ ಪ್ಯಾನೆಲ್ ಸತ್ತಿದೆ ಎಂದು ಕಂಟ್ರೋಲ್ ರೂಮಿಗೆ ತಿಳಿಯಬೇಕು.

ಇಷ್ಟಾದ ಮೇಲೂ ಕಾಡುವ ನಾಲ್ಕು ತೊಂದರೆಗಳನ್ನು ಮೊದಲೇ ತಿಳಿದಿರಿ. ಕಂಪ್ಯೂಟರ್ ಸಂಪರ್ಕ ತೆರೆದ ಕ್ಷಣ ಮೆಗಾ ತಾನೇ ಮರುಚಾಲನೆಯಾಗುತ್ತದೆ, ಮೊದಲ ಎರಡು ಸೆಕೆಂಡಿನಲ್ಲಿ ಕಳಿಸಿದ್ದೆಲ್ಲ ಕಳೆದುಹೋಗುತ್ತದೆ, ಅದಕ್ಕೆ ಕಾಯಿರಿ. ಕೇಬಲನ್ನು ಬೇರೆ ಯುಎಸ್‌ಬಿ ತೂತಿಗೆ ಹಾಕಿದರೆ ಪೋರ್ಟಿನ ಸಂಖ್ಯೆ ಬದಲಾಗುತ್ತದೆ, ಆದ್ದರಿಂದ ಪ್ರೋಗ್ರಾಮ್ ಸಂಖ್ಯೆಯನ್ನು ನಂಬದೆ ಪ್ಯಾನೆಲ್ ಹೇಳುವ ಹೆಸರನ್ನು ನಂಬಬೇಕು. ಫೋನ್ ಚಾರ್ಜ್ ಮಾಡುವ ಕೆಲವು ಕೇಬಲ್‌ಗಳಲ್ಲಿ ಡೇಟಾ ತಂತಿಯೇ ಇರುವುದಿಲ್ಲ. ದೀಪ ಹತ್ತುತ್ತದೆ, ಮಾತು ಬರುವುದಿಲ್ಲ.

ನಾಲ್ಕನೆಯದೇ ಎಲ್ಲಕ್ಕಿಂತ ದೊಡ್ಡದು. ಹಿಂದಿನ ಅಭ್ಯಾಸದಲ್ಲಿ ಯಾನಿ ಪಂಪಿನ ಸ್ವಿಚ್ ಆನ್ ಮಾಡಿ ಎದ್ದು ಹೋಗಿದ್ದಾರೆ. ಇವತ್ತು ಸಿಮ್ಯುಲೇಷನ್ ಹೊಸದಾಗಿ ಶುರುವಾದಾಗ ಸಾಫ್ಟ್‌ವೇರ್ ಲೆಕ್ಕದಲ್ಲಿ ಪಂಪು ಆಫ್, ಕಣ್ಣೆದುರಿನ ಸ್ವಿಚ್ ಆನ್. ಎರಡೂ ತಾನೇ ಸರಿ ಎನ್ನುತ್ತವೆ. ಇದಕ್ಕೆ ಪ್ರೋಗ್ರಾಮಿನಲ್ಲೂ ಕಾರ್ಯವಿಧಾನದಲ್ಲೂ ಮದ್ದಿರಬೇಕು: ಎಲ್ಲ ಸ್ವಿಚ್ಚುಗಳೂ ಆರಂಭದ ಸ್ಥಾನದಲ್ಲಿರುವವರೆಗೆ ಸಿಮ್ಯುಲೇಷನ್ ಶುರುವಾಗಕೂಡದು, ಹೊಂದದ ಸ್ವಿಚ್ಚಿನ ಹೆಸರು ಪರದೆಯಲ್ಲಿ ಬರಬೇಕು, ಯಾನಿಗಳ ಮೊದಲ ಪುಟ ಸ್ವಿಚ್ ಹೊಂದಿಸುವ ಪಟ್ಟಿಯೇ ಆಗಿರಬೇಕು.

ಲೇಬಲ್ ಬಗ್ಗೆ ಒಂದು ಮಾತು. ಇಂಗ್ಲಿಷಿನ ಅಳತೆಯಲ್ಲಿ ಕನ್ನಡ ಕೆತ್ತಿಸಬೇಡಿ. "ಕ್ಯಾಬಿನ್", "ಒತ್ತಡ" ಎಂದು ಬರೆದಾಗ ಒತ್ತಕ್ಷರ ಕೆಳಗಿಳಿಯುತ್ತದೆ, ಗುಣಿತದ ಚಿಹ್ನೆ ಮೇಲೇರುತ್ತದೆ. ಸಣ್ಣ ಅಕ್ಷರದಲ್ಲಿ ಲೇಸರ್ ಅದನ್ನು ಸುಟ್ಟ ಚುಕ್ಕೆ ಮಾಡುತ್ತದೆ. 14 ಪಾಯಿಂಟಿಗಿಂತ ಕಡಿಮೆ ಬೇಡ, ಸಾಲಿನ ಕೆಳಗೆ ಜಾಗ ಬಿಡಿ. 16 × 2ರ ಅಗ್ಗದ ಎಲ್‌ಸಿಡಿಯಲ್ಲಿ ಕನ್ನಡ ಬರೆಯಲು ಹೋಗಿ ದಿನ ಕಳೆಯಬೇಡಿ, ಅದರಲ್ಲಿ ನಾವೇ ರೂಪಿಸಬಹುದಾದ ಅಕ್ಷರ ಎಂಟೇ. ಪ್ಯಾನೆಲ್ಲಿನಿಂದ ಸಂಕೇತ ಕಳಿಸಿ, ಕನ್ನಡವನ್ನು ಕಂಪ್ಯೂಟರ್ ಪರದೆಯಲ್ಲಿ ತೋರಿಸಿ.

ಉಪ್ಪುಗಾಳಿ ಮತ್ತು ಮಳೆ

ಬೇರೆ ಊರಿನವರ ವಿನ್ಯಾಸವನ್ನು ಇದ್ದಂತೆಯೇ ಇಲ್ಲಿ ಕಟ್ಟಿದರೆ ಎರಡು ಮಳೆಗಾಲ ಬಾಳುವುದಿಲ್ಲ. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ, ಉಳಿದ ತಿಂಗಳಲ್ಲಿ ಉಪ್ಪು ಹೊತ್ತ ಗಾಳಿ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆ ತೇವ ಹೀರಿ ಅಂಚಿನಲ್ಲಿ ಊದಿಕೊಳ್ಳುತ್ತದೆ, ಸ್ಕ್ರೂ ಹಿಡಿತ ಬಿಡುತ್ತದೆ. ಐಎಸ್ 710 ಗುರುತಿನ ಮರೈನ್ ಪ್ಲೈವುಡ್ಡೇ ತನ್ನಿ, ಕತ್ತರಿಸಿದ ಅಂಚುಗಳಿಗೆಲ್ಲ ವಾರ್ನಿಷ್ ಬಳಿಯಿರಿ. ಕಡಲಿಗೆ ಹತ್ತಿರದ ಕ್ಯಾಂಪಸ್ಸಾದರೆ ಸ್ಕ್ರೂ 316 ದರ್ಜೆಯ ಸ್ಟೇನ್‌ಲೆಸ್ ಇರಲಿ. 304 ಕೂಡ ಕಾಲಕ್ರಮೇಣ ಕಂದು ಚುಕ್ಕೆ ಬಿಡುತ್ತದೆ.

ಬ್ರೆಡ್‌ಬೋರ್ಡ್ ಮತ್ತು ಸಿಕ್ಕಿಸುವ ಜಂಪರ್ ತಂತಿಗಳನ್ನು ಪರೀಕ್ಷೆಗೆ ಮಾತ್ರ ಬಳಸಿ. ತಿಂಗಳೊಳಗೆ ಅವುಗಳ ಸಂಪರ್ಕ ಮಂಕಾಗಿ, ಮುಟ್ಟಿದರೆ ಬರುವ ಬಿಟ್ಟರೆ ಹೋಗುವ ದೋಷ ಶುರುವಾಗುತ್ತದೆ, ಅದನ್ನು ಹುಡುಕುವಷ್ಟು ಸಂಕಟ ಬೇರೆ ಇಲ್ಲ. ಸೋಲ್ಡರ್ ಮಾಡಿ, ಬೆಸುಗೆಯ ಮೇಲೆ ಉಳಿದ ಅಂಟಾದ ಫ್ಲಕ್ಸನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ತೊಳೆದು ಒಣಗಿಸಿ, ಸಂಪರ್ಕದ ಜಾಗಗಳನ್ನು ಬಿಟ್ಟು ಉಳಿದ ಕಡೆ ರಕ್ಷಣಾ ಲೇಪನ ಹೊಡೆಯಿರಿ. ಶಿರಸಿಯಂಥ ಘಟ್ಟದ ಮೇಲಿನ ಊರಿನಲ್ಲಿ ಉಪ್ಪಿನ ಕಾಟವಿಲ್ಲ, ಬೂಷ್ಟಿನ ಕಾಟ ಇದೆ: ಕುರ್ಚಿಯ ಬಟ್ಟೆ, ಹೆಡ್‌ಸೆಟ್ಟಿನ ಮೆತ್ತೆ, ಕಾರ್ಯವಿಧಾನದ ಕಾಗದ ಎಲ್ಲದಕ್ಕೂ.

ಕರೆಂಟ್ ಹೋಗುವುದಂತೂ ಇದ್ದದ್ದೇ. ಸರ್ವರ್, ನೆಟ್‌ವರ್ಕ್ ಸ್ವಿಚ್, ಕ್ಯಾಪ್ಸೂಲಿನ ಒಂದು ಫ್ಯಾನ್ ಮತ್ತು ಒಂದು ದೀಪ ಯುಪಿಎಸ್‌ನಲ್ಲಿರಲಿ. ಗುಡುಗು ಸಿಡಿಲಿನ ದಿನ ಅಭ್ಯಾಸ ಬೇಡ, ಪ್ಲಗ್ ಕಿತ್ತಿಡಿ.

ಗಡಿಯ ಕಾಗದ

ಪ್ಯಾನೆಲ್ ಮುಗಿದ ಮೇಲೆ ಅದನ್ನು ಉಳಿದ ವ್ಯವಸ್ಥೆಗೆ ಸೇರಿಸಬೇಕು. ಒಂದು ಹಾಳೆಯಲ್ಲಿ, ಪ್ಯಾನೆಲ್ಲಿನಿಂದ ಹೊರಡುವ ಮತ್ತು ಒಳಬರುವ ಪ್ರತಿ ಅಂಕಿಗೂ ಆರು ಸಂಗತಿ ಬರೆಯಿರಿ: ಹೆಸರು, ಅರ್ಥ, ಮಾನ, ಕನಿಷ್ಠ–ಗರಿಷ್ಠ ಮಿತಿ, ಸೆಕೆಂಡಿಗೆ ಎಷ್ಟು ಸಲ, ಹೊಣೆ ಯಾರದು. ಎರಡೂ ಕಡೆಯವರು ಅದಕ್ಕೆ ಸಹಿ ಹಾಕಲಿ. ಇದೊಂದು ಶಿಷ್ಟಾಚಾರ ಎಂದುಕೊಳ್ಳಬೇಡಿ. ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ 1999ರ ಸೆಪ್ಟೆಂಬರ್ 23ರಂದು ಮಂಗಳದಲ್ಲಿ ನಾಶವಾದದ್ದು ಒಂದು ಕಡೆಯವರು ಪೌಂಡ್ ಮಾನದಲ್ಲಿ ಕೊಟ್ಟ ಅಂಕಿಯನ್ನು ಇನ್ನೊಂದು ಕಡೆಯವರು ನ್ಯೂಟನ್ ಎಂದು ಓದಿದ್ದರಿಂದ.

ಮನೆಗೆ ಹತ್ತಿರದ ಉದಾಹರಣೆ ಬೇಕೆ? ಕಾರವಾರ ಇರುವುದು ಸುಮಾರು 14.8 ಡಿಗ್ರಿ ಉತ್ತರ, 74.1 ಡಿಗ್ರಿ ಪೂರ್ವ. ರೇಡಿಯನ್ನಿನಲ್ಲಿ ಇವೇ 0.26 ಮತ್ತು 1.29. ಹಾರಾಟದ ಸಾಫ್ಟ್‌ವೇರ್ ರೇಡಿಯನ್ ಕಳಿಸಿ ನಕ್ಷೆಯ ಪ್ರೋಗ್ರಾಮ್ ಅದನ್ನು ಡಿಗ್ರಿ ಎಂದುಕೊಂಡರೆ, ಕಾರವಾರದ ಮೇಲೆ ಹಾರುತ್ತಿರುವ ನೌಕೆ ಪರದೆಯಲ್ಲಿ ಆಫ್ರಿಕಾದ ಗಿನಿ ಕೊಲ್ಲಿಯ ನೀರಿನ ಮೇಲೆ ಕಾಣುತ್ತದೆ. ನಿಮ್ಮ ನಕ್ಷೆಯ ಚುಕ್ಕೆ ಸದಾ ಆ ಕೊಲ್ಲಿಯಲ್ಲೇ ಕುಣಿಯುತ್ತಿದ್ದರೆ ಮೊದಲು ನೋಡಬೇಕಾದ್ದು ಇದನ್ನೇ.

ಕ್ಯಾಪ್ಸೂಲಿಗೂ ಕಂಟ್ರೋಲ್ ರೂಮಿಗೂ ನಡುವೆ ನೆಟ್‌ವರ್ಕ್ ಕೇಬಲ್ ಎಳೆಯಿರಿ, ಕಾಲೇಜಿನ ವೈಫೈ ನಂಬಬೇಡಿ. ಹಾಸ್ಟೆಲಿನವರೆಲ್ಲ ಅದರ ಮೇಲೆ ಬಿದ್ದ ಹೊತ್ತಿಗೇ ನಿಮ್ಮ ಟೆಲಿಮೆಟ್ರಿ ನಿಲ್ಲುತ್ತದೆ. ಸೆಕೆಂಡಿಗೆ 10 ಸಲ ಅಂಕಿ ಬಂದರೆ ಸಾಕು, ಮನುಷ್ಯನ ಕಣ್ಣಿಗೆ ಅದಕ್ಕಿಂತ ಹೆಚ್ಚು ಬೇಕಾಗಿಲ್ಲ.

ಕನ್ಸೋಲಿನಲ್ಲಿ ಕೂರುವುದು

ಎರಡನೇ ತಿಂಗಳಿಗೆ ನಿಮ್ಮನ್ನು ಕಂಟ್ರೋಲ್ ರೂಮಿಗೆ ಕರೆಯುತ್ತಾರೆ. ಮೊದಲ ಮೂರು ಅಭ್ಯಾಸ ಅನುಭವಿಗಳ ಪಕ್ಕ ಕೂತು ದಾಖಲೆ ಬರೆಯುವುದೇ ಕೆಲಸ. ಗಡಿಯಾರದ ಹೊತ್ತು, ಕಂಡ ಅಂಕಿ, ಯಾರು ಏನು ಹೇಳಿದರು, ಇಷ್ಟೇ. "ಒತ್ತಡ ಕಡಿಮೆಯಾಯಿತು" ಎಂದು ಬರೆದರೆ ಆಮೇಲೆ ಯಾರಿಗೂ ಉಪಯೋಗಕ್ಕಿಲ್ಲ. "10:42:15, ಕ್ಯಾಬಿನ್ ಒತ್ತಡ 98ರಿಂದ 94 ಕಿಲೋಪಾಸ್ಕಲ್, 30 ಸೆಕೆಂಡಿನಲ್ಲಿ" ಎಂದು ಬರೆದರೆ ಸೋರಿಕೆ ಎಷ್ಟು ದೊಡ್ಡದು ಎಂದು ಲೆಕ್ಕ ಹಾಕಬಹುದು.

ಮಾತಿನ ಶಿಸ್ತು ಕಲಿಯಲು ಎಲ್ಲಕ್ಕಿಂತ ಹೊತ್ತು ಹಿಡಿಯುತ್ತದೆ. ಮೊದಲು ಯಾರನ್ನು ಕರೆಯುತ್ತಿದ್ದೀರೋ ಅವರ ಹೆಸರು, ಆಮೇಲೆ ನಿಮ್ಮದು, ಆಮೇಲೆ ವಿಷಯ. ಅಂಕಿಗಳನ್ನು ಬಿಡಿಬಿಡಿಯಾಗಿ ಹೇಳಿ. ಕೆಟ್ಟ ಹೆಡ್‌ಸೆಟ್ಟಿನಲ್ಲಿ "ಆರು", "ನೂರು" ಒಂದೇ ಥರ ಕೇಳುತ್ತವೆ, ಆದ್ದರಿಂದ 120ನ್ನು "ಒಂದು, ಎರಡು, ಸೊನ್ನೆ" ಎನ್ನಿ. ಕೇಳಿದವರು ಅದನ್ನೇ ತಿರುಗಿ ಹೇಳಬೇಕು. ನಮ್ಮ ಕಡೆಯವರಿಗೆ ಇನ್ನೊಂದು ಸೂಚನೆ: "ಹೂಂ", "ಅಡ್ಡಿಲ್ಲೆ" ಎರಡನ್ನೂ ಹೆಡ್‌ಸೆಟ್ಟಿನಲ್ಲಿ ಬಿಟ್ಟುಬಿಡಿ. "ಅಡ್ಡಿಲ್ಲೆ" ಅಂದರೆ ಕೆಲಸ ಆಯಿತೆಂದೋ, ಮಾಡಬಹುದೆಂದೋ, ಆಗದಿದ್ದರೂ ಪರವಾಗಿಲ್ಲವೆಂದೋ? ಮನೆಯಲ್ಲಿ ಮುಖ ನೋಡಿ ತಿಳಿಯುತ್ತದೆ, ಇಲ್ಲಿ ಮುಖ ಕಾಣುವುದಿಲ್ಲ. "ಹಂತ 4 ಮುಗಿಯಿತು, ಹಸಿರು ದೀಪ ಇದೆ" ಎನ್ನಬೇಕು. ಕಾರವಾರ, ಭಟ್ಕಳದ ತಂಡಗಳಲ್ಲಿ ಕೊಂಕಣಿ, ಕನ್ನಡ, ನವಾಯತಿ, ಉರ್ದು ಮನೆಮಾತಿನವರೆಲ್ಲ ಇರುತ್ತಾರೆ. ಗಾಬರಿಯಾದಾಗ ಎಲ್ಲರೂ ಮನೆಮಾತಿಗೆ ಜಾರುತ್ತಾರೆ. ಹೆಡ್‌ಸೆಟ್ಟಿನ ಭಾಷೆ ಯಾವುದೆಂದು ಮೊದಲೇ ಒಂದನ್ನು ಗೊತ್ತು ಮಾಡಿ, ಅಭ್ಯಾಸದುದ್ದಕ್ಕೂ ಅದರಲ್ಲೇ ಇರಿ.

ಸಂಪರ್ಕದ ಹೊತ್ತನ್ನು ನಿಜದಂತೆಯೇ ಇಟ್ಟರೆ ಅಭ್ಯಾಸಕ್ಕೆ ಬಿಗಿ ಬರುತ್ತದೆ. 400 ಕಿ.ಮೀ. ಎತ್ತರದ ನೌಕೆ ನೆಲದ ಒಂದು ಕೇಂದ್ರಕ್ಕೆ, ನೆತ್ತಿಯ ಮೇಲೇ ಹಾದರೂ, ದಿಗಂತದಿಂದ ದಿಗಂತಕ್ಕೆ ಸುಮಾರು 10 ನಿಮಿಷ ಮಾತ್ರ ಕಾಣುತ್ತದೆ. ಮುಂದಿನ ಸುತ್ತಿಗೆ ಬರುವಷ್ಟರಲ್ಲಿ ಭೂಮಿ 23 ಡಿಗ್ರಿ ತಿರುಗಿರುತ್ತದೆ, ನೌಕೆಯ ದಾರಿ ಅಷ್ಟು ಪಶ್ಚಿಮಕ್ಕೆ ಸರಿದಿರುತ್ತದೆ. ಹತ್ತು ನಿಮಿಷದಲ್ಲಿ ಏನು ಕೇಳಬೇಕು, ಏನು ಹೇಳಬೇಕು ಎಂಬ ಪಟ್ಟಿ ಮಾಡಿಕೊಂಡು ಕಾಯುವುದನ್ನು ಕಲಿಯಿರಿ.

ತರಬೇತುದಾರರು ಕೊಡುವ ದೋಷಗಳಿಗೆ ಸಿಟ್ಟಾಗಬೇಡಿ. 1969ರ ಜುಲೈ 5ರಂದು, ಅಪೊಲೊ 11 ಹೊರಡುವುದಕ್ಕೆ ಕೆಲವೇ ದಿನ ಮೊದಲು, ಹ್ಯೂಸ್ಟನ್ನಿನ ಅಭ್ಯಾಸವೊಂದರಲ್ಲಿ ತರಬೇತುದಾರ ರಿಚರ್ಡ್ ಕೂಸ್ ಕಂಪ್ಯೂಟರಿನ ಎಚ್ಚರಿಕೆ ಸಂಕೇತವೊಂದನ್ನು ತೂರಿಸಿದರು. ಕನ್ಸೋಲಿನಲ್ಲಿದ್ದ ಸ್ಟೀವ್ ಬೇಲ್ಸ್ ಅದರ ಅರ್ಥ ತಿಳಿಯದೆ ಇಳಿಯುವುದನ್ನೇ ರದ್ದು ಮಾಡಿಸಿದರು. ಅದು ತಪ್ಪು ತೀರ್ಮಾನವಾಗಿತ್ತು. ಆಮೇಲೆ ಬೇಲ್ಸ್‌ಗೆ ನೆರವಾಗುತ್ತಿದ್ದ ಕಂಪ್ಯೂಟರ್ ಎಂಜಿನಿಯರ್ ಜ್ಯಾಕ್ ಗಾರ್ಮನ್ ಎಲ್ಲ ಸಂಕೇತಗಳ ಪಟ್ಟಿ ಕೈಬರಹದಲ್ಲಿ ಮಾಡಿಟ್ಟುಕೊಂಡರು. ಜುಲೈ 20ರಂದು ಚಂದ್ರನ ಮೇಲೆ ಇಳಿಯುವಾಗ 1202 ಎಂಬ ಸಂಕೇತ ನಿಜವಾಗಿಯೂ ಬಂತು, ಆ ಪಟ್ಟಿ ಇದ್ದದ್ದರಿಂದ ಮುಂದುವರಿಯಿರಿ ಎಂದು ಹೇಳಲು ಆಯಿತು. ನಿಮ್ಮ ತಂಡದ ದೋಷಗಳಿಗೂ ಅಂಥದೊಂದು ಪಟ್ಟಿ ಬೇಕು. ಹೊಸಬರು ಅದನ್ನು ಬೆಳೆಸುವ ಕೆಲಸ ಕೇಳಿ ಪಡೆಯಬಹುದು. ಅಭ್ಯಾಸ ಮುಗಿದ ಅರ್ಧ ಗಂಟೆಯೊಳಗೆ ಎಲ್ಲರೂ ಕೂತು ಯಾವಾಗ ಏನು ಕಂಡಿತು, ಆಗ ಏನೆಂದುಕೊಂಡೆ ಎಂದು ಹೇಳಬೇಕು. ತಪ್ಪು ಯಾರದೆಂದು ಹುಡುಕಲು ಹೊರಟರೆ ಮುಂದಿನ ಸಲ ಯಾರೂ ನಿಜ ಹೇಳುವುದಿಲ್ಲ.

ಜೀವಕ್ಕೆ ಸಂಬಂಧಿಸಿದ್ದು

ಕ್ಯಾಪ್ಸೂಲ್ ನಕಲಿ, ಅದರೊಳಗಿನ ಗಾಳಿ ಅಸಲಿ. ಕೂತಿರುವ ಒಬ್ಬರು ಗಂಟೆಗೆ ಸುಮಾರು 18 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾರೆ. 6 ಘನ ಮೀಟರಿನ ಬಿಗಿಯಾದ ಗೂಡಿನಲ್ಲಿ ಮೂವರನ್ನು ಕೂರಿಸಿ ಫ್ಯಾನ್ ನಿಂತರೆ ಅರ್ಧ ಗಂಟೆಯಲ್ಲಿ ಹತ್ತು ಲಕ್ಷಕ್ಕೆ 4500 ಭಾಗದಷ್ಟು ಏರುತ್ತದೆ. ಹೊರಗಿನ ಗಾಳಿಯಲ್ಲಿರುವುದು ಸುಮಾರು 420. ತಲೆ ಭಾರ, ಮಂಪರು ಬಂದರೂ ಯಾನಿಗಳು ಅದನ್ನು ಸೆಕೆಯೆಂದೇ ಎಣಿಸುತ್ತಾರೆ. ಎರಡು ಫ್ಯಾನ್ ಇರಲಿ, ನಿಜವಾದ ಸಂವೇದಕವೊಂದು ಇರಲಿ, ಅದರ ಅಂಕಿಯನ್ನು ಸಿಮ್ಯುಲೇಷನ್ನಿನ ಕಾಲ್ಪನಿಕ ಅಂಕಿಯೊಡನೆ ಬೆರೆಸದೆ ಬೇರೆಯೇ ಪರದೆಯಲ್ಲಿ ತೋರಿಸಿ. "ನಿಜ, ನಿಜ, ನಿಜ" ಎಂದು ಮೂರು ಸಲ ಯಾರು ಹೇಳಿದರೂ ಆಟ ಅಲ್ಲಿಗೇ ನಿಲ್ಲಬೇಕು.

ಬಾಗಿಲು ಹೊರಕ್ಕೆ ತೆರೆಯಬೇಕು, ಚಿಲಕ ಇರಕೂಡದು. ಒಳಗೆ 5 ಮತ್ತು 12 ವೋಲ್ಟ್ ಮಾತ್ರ. 230 ವೋಲ್ಟ್ ಕ್ಯಾಪ್ಸೂಲಿನ ಹೊರಗೇ ನಿಲ್ಲಲಿ, 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಹಿಂದೆ. ಕೆಂಪು ಗುಂಡಿಯ ತುರ್ತು ಸ್ವಿಚ್ ಒಳಗೊಂದು, ಹೊರಗೊಂದು. ಕೈ ಅಳತೆಯಲ್ಲಿ ಸಿಒ2 ಅಗ್ನಿಶಾಮಕ. ಏಪ್ರಿಲ್, ಮೇ ತಿಂಗಳ ಅಭ್ಯಾಸ ಬೆಳಿಗ್ಗೆ ಹತ್ತರೊಳಗೆ ಮುಗಿಯಲಿ. ಇವುಗಳಲ್ಲಿ ಒಂದಾದರೂ ಇಲ್ಲದ ಕ್ಯಾಪ್ಸೂಲಿನಲ್ಲಿ ಕೂರಲು ಹೊಸಬರಾದ ನೀವು ಒಪ್ಪಬೇಕಾಗಿಲ್ಲ, ಸೀನಿಯರ್ ಹೇಳಿದರೂ ಸರಿ.

ಮಳೆಗಾಲಕ್ಕೆ ಮುಚ್ಚುವುದು

ಮೇ ಕೊನೆಯ ವಾರ ಮುಚ್ಚುವ ಕೆಲಸವನ್ನು ಹೊಸಬರಿಗೇ ಕೊಡುತ್ತಾರೆ, ಸಂತೋಷದಿಂದ ಹಿಡಿಯಿರಿ. ಪ್ರತಿ ತಂತಿಯ ಎರಡೂ ತುದಿಗೆ ಸಂಖ್ಯೆ ಇದೆಯೇ ನೋಡಿ, ಇಲ್ಲದಿದ್ದರೆ ಅಂಟಿಸಿ. ಪ್ಯಾನೆಲ್ಲಿನ ಹಿಂಬದಿಯ ಫೋಟೋ ತೆಗೆದು, ಅಚ್ಚು ಹಾಕಿಸಿ, ಅದೇ ಪ್ಯಾನೆಲ್ಲಿನ ಒಳಗಿಡಿ. ಪ್ರೋಗ್ರಾಮಿನ ಕೊನೆಯ ಆವೃತ್ತಿ ಯಾವ ಬೋರ್ಡಿನಲ್ಲಿದೆ ಎಂದು ಬೋರ್ಡಿನ ಮೇಲೇ ಬರೆಯಿರಿ. ಪದವಿ ಮುಗಿಸಿ ಹೋಗುವವರ ಹತ್ತಿರ ಕೂತು, ಅವರ ಪ್ಯಾನೆಲ್ಲನ್ನು ನೀವೇ ಬಿಚ್ಚಿ ನೀವೇ ಜೋಡಿಸಿ ತೋರಿಸಿ. ಅವರು ಸುಮ್ಮನೆ ನೋಡುತ್ತಿರಲಿ, ಬಾಯಿ ಹಾಕಬೇಕಾಗಿ ಬಂದ ಕಡೆಯೆಲ್ಲ ದಾಖಲೆಯಲ್ಲಿ ಒಂದು ಸಾಲು ಕಡಿಮೆ ಇದೆ. ಹೆಡ್‌ಸೆಟ್, ಬೋರ್ಡುಗಳನ್ನು ಗಾಳಿಯಾಡದ ಡಬ್ಬಿಗೆ ಹಾಕಿ, ನೀಲಿ ಬಣ್ಣದ ಸಿಲಿಕಾ ಜೆಲ್ ಜೊತೆಗಿಡಿ. ಅದು ಗುಲಾಬಿಗೆ ತಿರುಗಿದರೆ ತೇವ ಹೀರಿ ತುಂಬಿದೆ ಎಂದರ್ಥ. ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ ಯಾರು ಬಂದು ಡಬ್ಬಿ ತೆರೆದು ನೋಡುತ್ತಾರೆ ಎಂಬ ಹೆಸರುಗಳ ಪಟ್ಟಿಯನ್ನು ಬಾಗಿಲಿಗೆ ಅಂಟಿಸಿ, ಕೀಲಿಕೈಯನ್ನು ವಿಭಾಗದ ಕಚೇರಿಯಲ್ಲಿ ಸಹಿ ಮಾಡಿ ಕೊಟ್ಟು ಹೋಗಿ.